ಬಣ್ಣ ಹಿಡಿಯದ ಮುಖ

ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ನಾನು ಎರಡು ಸಲ ಕಲಿತೆ. ಮೊದಲ ಸಲ ಮೀಸೆ ಚಿಗುರುವ ವಯಸ್ಸಿನಲ್ಲಿ, ಮುಂದೆ ನನಗೆ ಮಾವನಾದ ಗುರುವಿನ ಎದುರು ಕುಳಿತು. ಎರಡನೆಯ ಸಲ ಐವತ್ತರ ಹತ್ತಿರ, ಹೊರಗಿನವರಿಗೆ ಗೊತ್ತಾಗದಂತೆ, ನನ್ನ ಹೆಂಡತಿಯಿಂದ. ಮೊದಲು ಕಲಿತದ್ದು ನನಗೆ ಅನ್ನ ಕೊಟ್ಟಿತು. ಎರಡನೆಯದನ್ನು ಇಟ್ಟುಕೊಂಡು ನಾನು ಹೆಂಡತಿಯ ತಮ್ಮನ ಅನ್ನ ಕಿತ್ತುಕೊಂಡೆ. ಅದನ್ನು ಹೇಳಲಿಕ್ಕೆ ಕುಳಿತಿದ್ದೇನೆ.

ನಮ್ಮದು ಹಗಲುವೇಷದ ಮನೆತನ, ಊರು ಕಂಪ್ಲಿಯ ಹತ್ತಿರ. ನಾಟಕದವರಿಗೆ ರಾತ್ರಿ ಇರುತ್ತದೆ, ದೀಪ ಇರುತ್ತದೆ, ಜನರಿಗೂ ಅವರಿಗೂ ನಡುವೆ ದೂರ ಇರುತ್ತದೆ. ನಮಗೆ ಅದೇನೂ ಇಲ್ಲ. ಬಿಸಿಲಿನಲ್ಲಿ, ಹಾರ್ಮೋನಿಯಂ ಮತ್ತು ತಬಲಾ ಹಿಡಿದುಕೊಂಡು ಮನೆಮನೆಯ ಬಾಗಿಲಿಗೆ ಹೋಗಬೇಕು. ನೋಡುವವರು ಒಂದು ಮೊಳದ ಅಂತರದಲ್ಲಿ ನಿಂತಿರುತ್ತಾರೆ. ಒಂದೊಂದು ದಿನ ಒಂದೊಂದು ವೇಷ. ಕೊನೆಯ ದಿನ ರಾಜ ಮತ್ತು ರಾಣಿ. ರಾಣಿಯ ವೇಷವನ್ನೂ ಗಂಡಸರೇ ಹಾಕಬೇಕು. ಮನೆಯ ಹೆಣ್ಣುಮಕ್ಕಳು ರಾಣಿಗೆ ಕುಂಕುಮ ಹಚ್ಚಿ, ಅಕ್ಕಿ, ಕುಬಸದ ಖಣ ಇಟ್ಟು ಉಡಿ ತುಂಬುತ್ತಾರೆ. ಒಂದು ಊರಿನಲ್ಲಿ ನಮ್ಮ ತಂಡಕ್ಕೆ ಸಿಗುವ ಮರ್ಯಾದೆ ಎಲ್ಲ ಆ ಒಂದು ದಿನದ್ದು, ಆ ಒಂದು ಮುಖದ್ದು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಆ ಮುಖ ನನ್ನದಾಗಿತ್ತು.

ರಾಣಿ ವೇಷದವನ ಕೈಯಲ್ಲಿ ಹಿತ್ತಾಳೆ ಬೆನ್ನಿನ ಒಂದು ಕನ್ನಡಿ ಇರುತ್ತಿತ್ತು. ವೇಷವನ್ನು ಬೇರೆಯವನಿಗೆ ಬಿಟ್ಟುಕೊಡುವುದಕ್ಕೆ ನಮ್ಮ ಮನೆಯಲ್ಲಿ ಕನ್ನಡಿ ಇಳಿಸುವುದು ಎನ್ನುತ್ತಿದ್ದರು. ಯಾವಾಗ ಇಳಿಸಬೇಕು ಎಂಬುದಕ್ಕೂ ಒಂದು ಕಟ್ಟು ಇತ್ತು. ಉಡಿ ತುಂಬುವ ಹೆಣ್ಣುಮಕ್ಕಳು ಯಾವ ವಯಸ್ಸಿನವರೇ ಇರಲಿ, ರಾಣಿಯನ್ನು 'ಬಾ ತಂಗಿ' ಎಂದೇ ಕರೆಯುವುದು ವಾಡಿಕೆ. ಮಾವ ಕನ್ನಡಿಯನ್ನು ನನ್ನ ಕೈಗೆ ಕೊಟ್ಟಾಗ ಹೇಳಿದ್ದು ಇಷ್ಟೇ: "ತಂಗಿ ಅನ್ನೋದು ಬಿಟ್ಟು ಅವ್ವ ಅಂದ್ರ, ಅವತ್ತಽ ಇಳಿಸಿಬಿಡು. ಮರುದಿನಕ್ಕ ಇಟ್ಕೋಬ್ಯಾಡ." ಸಾಯುವ ಮುಂಚೆ ಇನ್ನೊಂದು ಮಾತು ಸೇರಿಸಿದರು. ನನ್ನ ನಂತರ ಕನ್ನಡಿ ತಮ್ಮ ಮಗನಿಗೆ, ಅಂದರೆ ನನ್ನ ಭಾಮೈದನಿಗೆ ಹೋಗಬೇಕು. ನಾನು ಹೂಂ ಅಂದಿದ್ದೆ.

ಭಾಮೈದ ಆಗ ನನ್ನ ಪಕ್ಕದಲ್ಲಿ ರಾಜನ ವೇಷ ಹಾಕುತ್ತಿದ್ದ. ರಾಜನ ಮೀಸೆ ಅವನ ಮುಖಕ್ಕೆ ಅಂಟಿಸಿದ ಹಾಗೆಯೇ ಕಾಣುತ್ತಿತ್ತು, ಅಷ್ಟು ನಯವಾದ ಮುಖ. ಕತ್ತು ತಿರುಗಿಸುವುದು, ಸೆರಗು ಹಿಡಿಯುವುದು, ಬಾಗಿಲಲ್ಲಿ ಒಂದು ಕ್ಷಣ ತಡೆದು ಒಳಗೆ ಕಾಲಿಡುವುದು, ಇವನ್ನೆಲ್ಲ ನನ್ನನ್ನು ನೋಡಿ ನೋಡಿ ಕಲಿತಿದ್ದ. ಹಿತ್ತಲಲ್ಲಿ ಅಕ್ಕನ ಸೀರೆ ಸುತ್ತಿಕೊಂಡು ನಡೆಯುತ್ತಿದ್ದಾಗ ಒಂದು ಸಲ ನಾನು ಕಂಡಿದ್ದೆ. ನನಗಿಂತ ಚೆನ್ನಾಗಿ ನಡೆಯುತ್ತಿದ್ದ. ಕಂಡರೂ ಕಾಣದವನಂತೆ ಬಂದೆ.

ಅದು ಗಣಿಯ ಭರಾಟೆ ಶುರುವಾದ ಕಾಲ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಹಗಲು ರಾತ್ರಿ ಇಳಿಯುತ್ತಿದ್ದವು. ರಸ್ತೆ ಬದಿಯ ಬೇವಿನ ಮರ, ಬಾಳೆ ಎಲೆ, ಚಹಾದಂಗಡಿಯ ಬಾಟಲಿಗಳು ಎಲ್ಲ ಕೆಂಪು. ಊರಲ್ಲಿ ಹೊಸ ಹಣ ಓಡಾಡುತ್ತಿತ್ತು, ನಮಗೂ ಅದರ ಗಾಳಿ ಬಡಿಯಿತು. ಹೊಸಪೇಟೆಯಲ್ಲಿ ಹೊಸ ಟಿಪ್ಪರ್ ತಂದವರು ಪೂಜೆಗೆ ನಮ್ಮನ್ನು ಕರೆಸುತ್ತಿದ್ದರು. ರಾಣಿ ಬಂದು ಗಾಡಿಗೆ ಕುಂಕುಮ ಇಟ್ಟರೆ ಒಳ್ಳೆಯದು ಎಂದು ಅದು ಹೇಗೋ ಒಂದು ನಂಬಿಕೆ ಹುಟ್ಟಿತ್ತು. ಒಂದು ದಿನ ಡ್ರೈವರೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ರಾಣಿಯವ್ರು ಕ್ಯಾಬಿನ್ನಿನಾಗ ಕುಂದ್ರಿ, ಸಂಡೂರಿನ ತನಕ ಬಿಡ್ತೀನಿ, ಕ್ಲೀನರ್‌ನ್ನ ಮ್ಯಾಲೆ ಕಳಸ್ತೀನಿ ಎಂದು ಎಲ್ಲರನ್ನೂ ನಗಿಸಿದ್ದ. ನಾನೂ ನಕ್ಕಿದ್ದೆ. ನಕ್ಕಾಗ ಕೆನ್ನೆಯ ಮೇಲೆ ಬಣ್ಣ ಚಟ್ ಎಂದು ಒಡೆದದ್ದು ಗೊತ್ತಾಯಿತು.

ಆ ಧೂಳು ಬೇರೆ ಧೂಳಿನಂತಲ್ಲ. ಹಿಟ್ಟಿನಷ್ಟು ನುಣುಪು, ಎಣ್ಣೆ ಕಂಡಲ್ಲಿ ಕೂತುಬಿಡುತ್ತದೆ. ಬಿಳಿ ಸಫೇದ, ಚೂರು ಹಳದಿ ಅರದಾಳ, ಚಿಟಿಕೆ ಕೆಂಪು ಇಂಗಳೀಕ ಕಲಸಿ ಹಚ್ಚಿದ ಮುಖದ ಮೇಲೆ ಅದು ಬಿದ್ದರೆ ಮೊದಲು ಹೋಗುವುದು ಸುಕ್ಕಿನ ಸಂದಿಗೆ. ಬೆಳಿಗ್ಗೆ ಕಾಣದಿದ್ದ ಗೆರೆಗಳನ್ನು ಮಧ್ಯಾಹ್ನಕ್ಕೆ ಕೆಂಪು ಪೆನ್ಸಿಲಿನಲ್ಲಿ ತೀಡಿದ ಹಾಗೆ ಆಗುತ್ತಿತ್ತು. ಗೆರೆ ಮುಚ್ಚಲು ನಾನು ಇನ್ನಷ್ಟು ಬಣ್ಣ ಮೆತ್ತುತ್ತಿದ್ದೆ, ಮೇಲೆ ಇನ್ನಷ್ಟು ಪೌಡರ್. ನೀರು ಇಳಿದ ಮೇಲೆ ಕೆರೆಯಂಗಳದ ಮಣ್ಣು ಒಡೆದಿರುತ್ತದಲ್ಲ, ಹಾಗೆ ಒಡೆಯುತ್ತಿತ್ತು.

ಆ ದಿನಗಳಲ್ಲೇ ಹೊಸಪೇಟೆಯ ಒಂದು ದೊಡ್ಡ ಹೊಸ ಮನೆಯಲ್ಲಿ, ಮದುವೆಯಾಗಿ ಬಂದು ವರ್ಷವೂ ಆಗಿರದ ಸೊಸೆಯೊಬ್ಬಳು ಮೊರದಲ್ಲಿ ಅಕ್ಕಿ ಹಿಡಿದು ಬಂದಳು. ನನ್ನ ಮುಖ ನೋಡಿದಳು. "ಬಾ ಅವ್ವ, ಉಡಿ ಹಿಡಿ" ಅಂದಳು.

ಹಾರ್ಮೋನಿಯಂ ಸದ್ದಿನಲ್ಲಿ ಬೇರೆಯವರಿಗೆ ಅದು ಕೇಳಿಸಲಿಲ್ಲ. ಪಕ್ಕದಲ್ಲಿದ್ದ ರಾಜನಿಗೆ ಕೇಳಿಸಿತು. ಭಾಮೈದ ಒಂದು ಸಲ ನನ್ನ ಕಡೆ ನೋಡಿದ, ಆಮೇಲೆ ನೆಲ ನೋಡಿದ. ದಾರಿಯಲ್ಲಾಗಲಿ ಮನೆಯಲ್ಲಾಗಲಿ ಅದರ ಮಾತು ತೆಗೆಯಲಿಲ್ಲ. ನಾನಾಗಿ ಹೇಳಲಿ ಎಂದು ಕಾದ ಎಂಬುದು ನನಗೆ ತಿಳಿದಿತ್ತು. ಅಂದು ಸಂಜೆ ನಾನು ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ದಿನದಂತೆ ನನ್ನ ಟ್ರಂಕಿನಲ್ಲೇ ಇಟ್ಟೆ.

ಹೆಂಡತಿಗೆ ಮಾತ್ರ ಹೇಳಿದೆ, ಅದೂ ಅರ್ಧ. ಮುಖ ಬಣ್ಣ ಹಿಡಿಯುತ್ತಿಲ್ಲ, ಏನು ಮಾಡಲಿ ಎಂದು ಕೇಳಿದೆ. ಆಕೆ ವೇಷ ಕಟ್ಟುವವರ ಮನೆಯಲ್ಲೇ ಹುಟ್ಟಿದವಳು. ನಮ್ಮಲ್ಲಿ ಹೆಣ್ಣುಮಕ್ಕಳು ವೇಷ ಹಾಕುವುದಿಲ್ಲ, ಆದರೆ ಅಪ್ಪನ ಮುಖ ತೊಳೆಯಲು ನೀರು ಹಿಡಿದು ನಿಂತು ನಿಂತು ಎಲ್ಲವನ್ನೂ ನೋಡಿದ್ದಳು. ನನ್ನನ್ನು ಬೆಳಕಿಗೆ ಕೂರಿಸಿ, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಮುಖ ತುಂಬಾಕ ಹೋಗಬ್ಯಾಡ. ಮುಖಾನ ಅದರ ಪಾಡಿಗೆ ಬಿಡು" ಅಂದಳು.

ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮೊದಲು ಮುಖದ ಮೇಲೆ ಹಾಕಿಕೊಂಡು ತೊಗಲು ಮೆತ್ತಗಾಗಲು ಬಿಡಬೇಕು. ಕೊಬ್ಬರಿ ಎಣ್ಣೆ ಹಚ್ಚಿ, ಅದು ಇಳಿಯುವ ತನಕ ಸುಮ್ಮನೆ ಕೂರಬೇಕು, ಮೇಲೆ ಉಳಿದದ್ದನ್ನು ಒರೆಸಿಬಿಡಬೇಕು. ಚಿಕ್ಕವನಿದ್ದಾಗ ಈ ಎಣ್ಣೆ ನನಗೆ ಬಣ್ಣ ಜಾರಲಿಕ್ಕೆ ಬೇಕಾಗಿತ್ತು. ಈಗ ತೊಗಲಿಗೇ ಬೇಕಾಗಿತ್ತು. ಬಣ್ಣವನ್ನು ಎಲುಬು ಇರುವ ಕಡೆ ಮಾತ್ರ ತೆಳ್ಳಗೆ ಹಚ್ಚಬೇಕು, ತಿಕ್ಕಬಾರದು, ಒದ್ದೆ ಬಟ್ಟೆಯಿಂದ ಒತ್ತಬೇಕು. ಕಣ್ಣ ಕೆಳಗೆ ಏನೂ ಬೇಡ. ಕೆನ್ನೆಯ ಕೆಂಪನ್ನು ಉಬ್ಬಿನ ಮೇಲಲ್ಲ, ಅದಕ್ಕಿಂತ ಮೇಲೆ, ಕಿವಿಯ ಕಡೆಗೆ ಎಳೆಯಬೇಕು, ಯಾಕೆಂದರೆ ಉಬ್ಬೇ ಕೆಳಗೆ ಇಳಿದಿರುತ್ತದೆ. ಹುಬ್ಬಿನ ತುದಿಯೂ ಅಷ್ಟೇ, ಇದ್ದಲ್ಲಿ ತೀಡಿದರೆ ಅಳುವ ಮುಖವಾಗುತ್ತದೆ. ತುಟಿಯ ಬಣ್ಣ ಅಂಚಿನ ಒಳಗೇ ನಿಲ್ಲಬೇಕು, ಇಲ್ಲದಿದ್ದರೆ ತುಟಿಯ ಮೇಲಿನ ಸಣ್ಣ ಗೆರೆಗಳಲ್ಲಿ ಹರಿಯುತ್ತದೆ. ಕಣ್ಣಿಗೆ ಕಾಡಿಗೆ ಮೇಲಿನ ರೆಪ್ಪೆಗೆ ಮಾತ್ರ. ಪೌಡರ್ ಮೂಗಿನ ಮೇಲೆ, ಹಣೆಯ ಮೇಲೆ, ಮತ್ತೆಲ್ಲೂ ಇಲ್ಲ. ಕತ್ತಿನ ಸುಕ್ಕು ಮುಚ್ಚಲು ಸರಗಳು. ಅಷ್ಟಾದ ಮೇಲೆ ಬಣ್ಣಕ್ಕೇ ಸ್ವಲ್ಪ ಕಾವಿ ಹೆಚ್ಚು ಬೆರೆಸಲು ಹೇಳಿದಳು. ಮುಖವೇ ಸ್ವಲ್ಪ ಕೆಂಪಿದ್ದರೆ ಬಿದ್ದ ಧೂಳು ಎದ್ದು ಕಾಣುವುದಿಲ್ಲ.

ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನನ್ನ ಕೈಗೆ ಅದು ಹತ್ತಿತು. ಕಮಲಾಪುರದ ಸಂತೆಯ ದಿನ ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ತಾನಾಗಿ ಕರೆದು, ಬಾ ತಂಗಿ ಎಂದು ಒಂದು ಚಿಪ್ಪು ಹಣ್ಣನ್ನು ಉಡಿಗೆ ಹಾಕಿದಳು. ನನಗೆ ಹೋದ ಜೀವ ಬಂದಂತಾಯಿತು. ಕಟ್ಟು ಮುರಿದಿಲ್ಲ, ಹೆಣ್ಣುಮಕ್ಕಳು ಮತ್ತೆ ತಂಗಿ ಅನ್ನುತ್ತಿದ್ದಾರೆ, ಆ ಸೊಸೆ ಅಂದದ್ದು ಲೆಕ್ಕಕ್ಕಿಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ.

ಆದರೆ ತಂಡದಲ್ಲಿ ಹಿರಿಯರಾಗಿದ್ದ ಹಾರ್ಮೋನಿಯಂ ದೊಡ್ಡಪ್ಪನಿಗೆ ನನ್ನ ವಯಸ್ಸು ಗೊತ್ತಿತ್ತು. ಹುಡುಗನಿಗೂ ಒಂದು ದಿನ ರಾಣಿ ಕಟ್ಟಲಿಕ್ಕೆ ಬಿಟ್ಟು ನೋಡೋಣ, ನಾಳೆ ನಿನಗೆ ಜ್ವರ ಬಂದರೆ ಯಾರು ಎಂದರು. ಮಾತು ಮೆತ್ತಗಿತ್ತು, ಆದರೆ ಅದರ ಅರ್ಥ ಎಲ್ಲರಿಗೂ ತಿಳಿದಿತ್ತು. ಭಾಮೈದ ಚೆನ್ನಾಗಿ ಕಂಡರೆ ಕನ್ನಡಿ ಅವನದು. ನಾನು ಒಪ್ಪಿದೆ. ಅವನ ಮುಖ ನಾನೇ ಬರೆಯುತ್ತೇನೆ ಅಂದೆ. ದೊಡ್ಡಪ್ಪನಿಗೆ ಸಂತೋಷವಾಯಿತು. ಊರನ್ನೂ ನಾನೇ ಆರಿಸಿದೆ. ಪಾಪಿನಾಯಕನಹಳ್ಳಿ. ಲಾರಿಗಳ ರಸ್ತೆಯ ಮೇಲೆಯೇ ಇರುವ ಊರು.

ಹೊರಡುವ ಬೆಳಿಗ್ಗೆ ಹೆಂಡತಿ ಎಣ್ಣೆಯ ಸಣ್ಣ ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿ ಬಣ್ಣದ ಪೆಟ್ಟಿಗೆಯಲ್ಲಿ ಇಟ್ಟಳು. ತಮ್ಮನ ತಲೆಯ ಮೇಲೆ ಕೈಯಿಟ್ಟಳು. ಅವನು ಮುಖಕ್ಷೌರ ಮಾಡಿಸಿಕೊಂಡು, ಹೊಸ ಬನಿಯನ್ ಹಾಕಿಕೊಂಡು, ಮದುಮಗನ ಹಾಗೆ ಬಂದಿದ್ದ.

ಊರ ಶಾಲೆಯ ಹಿಂದಿನ ಜಗಲಿಯಲ್ಲಿ ಅವನನ್ನು ಕೂರಿಸಿಕೊಂಡೆ. ಅವನು ಕಣ್ಣು ಮುಚ್ಚಿ ಮುಖ ಎತ್ತಿದ. ಅಷ್ಟು ಒಳ್ಳೆಯ ಮುಖ ನನ್ನ ಕೈಗೆ ಬಂದದ್ದು ಅದೇ ಮೊದಲು, ಅದೇ ಕೊನೆ. ಬಾಟಲಿಯ ಮುಚ್ಚಳ ತೆಗೆಯಲಿಲ್ಲ. ಒಣ ಮುಖಕ್ಕೆ ನೀರಲ್ಲಿ ಕಲಸಿದ ಸಫೇದವನ್ನು ದಪ್ಪಗೆ ಬಳಿದೆ, ಅದು ಆರುವ ಮೊದಲೇ ಇನ್ನೊಂದು ಕೈ, ಅದರ ಮೇಲೆ ಪೌಡರನ್ನು ಅದುಮಿದೆ. ಕಾವಿ ಬೆರೆಸಲಿಲ್ಲ. ಕನ್ನಡಿ ಹಿಡಿದಾಗ ಅವನಿಗೆ ತನ್ನ ಮುಖ ಹುಣ್ಣಿಮೆಯ ಹಾಗೆ ಕಂಡಿರಬೇಕು. "ಭಾಳ ಬೆಳ್ಳಗ ಆತಲ್ಲ ಭಾವ" ಅಂದ. ಬಿಸಿಲಿಗೆ ಹೋದರೆ ಸರಿಹೋಗುತ್ತದೆ ಅಂದೆ. ಅವನು ನಂಬಿದ. ತಂಡದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ, ನನ್ನ ಮಾತಿಗೆ ಅವರೆಲ್ಲ ಎರಡನೆಯ ಮಾತು ಆಡುತ್ತಿರಲಿಲ್ಲ.

ಮೊದಲ ನಾಲ್ಕೈದು ಮನೆಗಳಲ್ಲಿ ಅವನು ನಡೆದ ನಡಿಗೆಗೆ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟು ನೋಡಿದರು. ಬಿಸಿಲು ಏರಿತು. ಬೆವರು ಒಳಗಿನಿಂದ ನೂಕಿತು, ಮೇಲಿನ ಪದರ ಬಿರಿಯಿತು, ಸಾಲು ಹಿಡಿದು ಲಾರಿಗಳು ಬಂದವು. ಚಹಾದಂಗಡಿಯ ಮುಂದೆ ನಿಂತಿದ್ದಾಗ ಅವನ ಎಡಗೆನ್ನೆಯ ಬಣ್ಣ ಒಂದು ಹಪ್ಪಳದಷ್ಟು ಎದ್ದು ಕೆಳಗೆ ಬಿತ್ತು. ಬೆಂಚಿನ ಮೇಲಿದ್ದವನೊಬ್ಬ, "ಯಪ್ಪಾ, ರಾಣಿ ಮನಿ ಗ್ವಾಡಿ ಗಿಲಾವು ಉದುರಾಕತ್ತೈತಿ ನೋಡ್ರಲೇ" ಅಂದ. ಅಂಗಡಿಯೆಲ್ಲ ನಕ್ಕಿತು. ಯಾರೋ ಮೊಬೈಲಿನಲ್ಲಿ ಫೋಟೊ ಹಿಡಿದರು. ಭಾಮೈದ ಸೆರಗಿನಿಂದ ಮುಖ ಮುಚ್ಚಿಕೊಂಡ. ವೇಷದಲ್ಲಿದ್ದಾಗ ನಾವು ಯಾರೂ ಹಾಗೆ ಮುಖ ಮುಚ್ಚಿಕೊಳ್ಳಬಾರದು, ಅವನಿಗೆ ಅದೂ ಮರೆತುಹೋಗಿತ್ತು.

ಜಗಲಿಗೆ ವಾಪಸು ಬಂದ ಮೇಲೆ ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಭಾಮೈದನ ಗದ್ದ ಹಿಡಿದು, ಹೆಂಡತಿ ನನಗೆ ಮಾಡಿದ್ದಳಲ್ಲ ಹಾಗೆಯೇ, ಆ ಕಡೆ ಈ ಕಡೆ ತಿರುಗಿಸಿದೆ.

"ನಿನ್ನ ಮುಖ ಬಣ್ಣ ಹಿಡಿಯಂಗಿಲ್ಲಪಾ. ಕೆಲವ್ರ ತೊಗಲ ಹಂಗ. ಏನ ಮಾಡಾಕ ಬರಂಗಿಲ್ಲ."

ಅವನು ಹೂಂ ಅಂದ. ಅಷ್ಟೇ. ಇದನ್ನು ಬರೆಯುವಾಗಲೂ ಆ ಹೂಂ ನನಗೆ ಕೇಳಿಸುತ್ತದೆ. ಸಂಜೆ ಮನೆಯಲ್ಲಿ ಹೆಂಡತಿ ಪೆಟ್ಟಿಗೆ ಬಿಚ್ಚಿ ಎಲ್ಲ ತೊಳೆದಿಟ್ಟಳು. ಇನ್ನೂ ಕುತ್ತಿಗೆಯವರೆಗೆ ತುಂಬಿಯೇ ಇದ್ದ ಎಣ್ಣೆಯ ಬಾಟಲಿಯನ್ನು ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಡಬ್ಬಿಗೆ ಸುರುವಿದಳು.

ಆ ತಿಂಗಳು ಮುಗಿಯುವ ಮುನ್ನ ಭಾಮೈದ ತಂಡ ಬಿಟ್ಟ. ರಾಜನ ವೇಷವೂ ಬೇಡ ಅಂದ, ಬಣ್ಣವೇ ಹಿಡಿಯದ ಮುಖಕ್ಕೆ ಯಾವ ವೇಷ ಎಂದು. ಸಂಡೂರಿನ ದಾರಿಯಲ್ಲಿ ಯಾರದೋ ಹೊಲದಲ್ಲಿ ಅದಿರು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದ. ಅಲ್ಲಿಂದ ಕುರೆಕುಪ್ಪದ ಕಡೆ ಅದಿರಿನ ರಾಶಿಗಳ ಕಾವಲಿಗೆ, ಲೋಡಿಂಗಿಗೆ. ಕೂಲಿ ಚೆನ್ನಾಗಿಯೇ ಇತ್ತು. ಮದುವೆಯೂ ಆಯಿತು. ಆ ಮದುವೆಯಲ್ಲಿ ಫೋಟೊದವನು ಮದುಮಗನಿಗೆ ಸ್ವಲ್ಪ ಪೌಡರ್ ಹಚ್ಚಿರಿ, ಮುಖ ಮಿಂಚುತ್ತದೆ ಎಂದ. ಭಾಮೈದ ನಗುತ್ತಲೇ ಅವನ ಕೈ ಸರಿಸಿ, "ಬ್ಯಾಡ ಬಿಡ್ರಿ, ನಮ್ಮ ಮುಖಕ್ಕ ಹಿಡಿಯಂಗಿಲ್ಲ ಅದು. ಬೇಕಾದ್ರ ನಮ್ಮ ಭಾವನ್ನ ಕೇಳ್ರಿ" ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಎರಡನೆಯ ಸಲ ಸುಳ್ಳು ಹೇಳಲಿಕ್ಕೆ ಬಾಯಿ ಕೂಡ ಬೇಕಾಗಲಿಲ್ಲ.

ನಾನು ರಾಣಿಯಾಗಿ ಮುಂದುವರಿದೆ. ಹಂಪಿಯಲ್ಲಿ ಪ್ರವಾಸಿಗಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಒಂದು ಬಾರಿ ಸಂಡೂರಿಗೆ ಟಿಪ್ಪರ್ ಪೂಜೆಗೆ ಹೋಗುವಾಗ, ಗಾಡಿಗಳು ಸಾಲುಗಟ್ಟಿ ನಿಂತಿದ್ದ ಕಡೆ ಭಾಮೈದ ಕಂಡ. ತಲೆಗೆ ಟವೆಲ್ಲು, ಕೈಯಲ್ಲಿ ಸಲಿಕೆ. ಹುಬ್ಬು, ರೆಪ್ಪೆ, ಕಿವಿಯ ಒಳಗೆಲ್ಲ ಅದಿರು. ಜೀಪಿನಲ್ಲಿ ರಾಣಿಯ ವೇಷದಲ್ಲಿದ್ದ ನನ್ನನ್ನು ನೋಡಿ ಹಲ್ಲು ಬಿಟ್ಟು ಕೈಯೆತ್ತಿದ. ಆ ಕೆಂಪು ಮುಖದಲ್ಲಿ ಹಲ್ಲು, ಕಣ್ಣು ಎರಡೇ ಬಿಳಿ. ನಾನು ಮುಖ ತಿರುಗಿಸಲಿಲ್ಲ, ನಕ್ಕೆ ಕೂಡ. ಬಣ್ಣ ಒಡೆಯದಂತೆ ನಗುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಆಮೇಲೆ ಗಣಿ ನಿಂತಿತು. ಒಂದೊಂದಾಗಿ ಲಾರಿಗಳು ಮನೆಗಳ ಮುಂದೆ ಟೈರು ಬಿಚ್ಚಿಕೊಂಡು ನಿಂತವು. ಟಿಪ್ಪರಿಗೆ ಪೂಜೆ ಮಾಡಿಸುವವರಿಲ್ಲ. ಭಾಮೈದ ಕೆಲಸ ಕಳೆದುಕೊಂಡು ಹೆಂಡತಿ ಮಕ್ಕಳೊಂದಿಗೆ ಕಂಪ್ಲಿಗೆ ಮರಳಿದ. ನನಗೆ ಆಗ ಕಣ್ಣಿಗೆ ಪೊರೆ ಬಂದು ಹುಬ್ಬಿನ ಗೆರೆ ನಡುಗುತ್ತಿತ್ತು. ಇಟ್ಟುಕೊಳ್ಳಲಿಕ್ಕೆ ಇನ್ನು ಆಗುವುದಿಲ್ಲ ಎಂದಾದ ಮೇಲೆ ಕೊಡುವ ಮನಸ್ಸು ಬಂತು. ಅದನ್ನು ದೊಡ್ಡತನ ಎಂದು ಹೇಳಿಕೊಳ್ಳಲಾರೆ. ಒಂದು ಬೆಳಿಗ್ಗೆ ಅವನನ್ನು ಮನೆಗೆ ಕರೆಸಿ, ಕೂರು, ನಿನ್ನ ಮುಖ ಬರೆಯುತ್ತೇನೆ, ಸರಿ ಬಂದರೆ ಮುಂದಿನ ತಿಂಗಳು ಕಮಲಾಪುರಕ್ಕೆ ನೀನೇ ರಾಣಿ ಅಂದೆ. ಬೇಡ ಅಂದ. ಹೆಂಡತಿ ಸಂತೆಗೆ ಹೋಗಿದ್ದಳು. ನಾನು ಬಿಡಲಿಲ್ಲ.

ಬಿಸಿಬಟ್ಟೆ ಹಾಕಿ ತೆಗೆದು ಕಿಟಕಿಯ ಬೆಳಕಿಗೆ ಅವನ ಮುಖ ತಿರುಗಿಸಿದಾಗ ನನ್ನ ಕೈ ನಿಂತಿತು. ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಕಣ್ಣಿನ ಅಂಚಿನಿಂದ ಗೆರೆಗಳು ಕಿವಿಯ ತನಕ ಹೋಗಿದ್ದವು. ಕೆನ್ನೆ ಒಳಗೆ ಇಳಿದಿತ್ತು. ರೆಪ್ಪೆ ದಪ್ಪಗಾಗಿತ್ತು. ಒರೆಸಿದಷ್ಟೂ ಬಟ್ಟೆಗೆ ತೆಳ್ಳಗೆ ಕೆಂಪು ಹತ್ತುತ್ತಿತ್ತು, ಕೆಲಸ ನಿಂತು ತಿಂಗಳುಗಳಾಗಿದ್ದರೂ. ನನ್ನ ಮುದಿ ಮುಖಕ್ಕಾಗಿ ನಾನು ಕಲಿತದ್ದೆಲ್ಲ ಅವನ ಮುಖಕ್ಕೆ ಒಂದೂ ಬಿಡದಂತೆ ಬೇಕಾಯಿತು. ಎಣ್ಣೆ ಹಚ್ಚಿ ಕಾದೆ. ಕಣ್ಣ ಕೆಳಗೆ ಬಿಟ್ಟೆ. ಕೆನ್ನೆಯ ಕೆಂಪನ್ನು ಮೇಲೆ ಎಳೆದೆ. ಹುಬ್ಬಿನ ತುದಿ ಎತ್ತಿದೆ. ತುಟಿಯ ಬಣ್ಣವನ್ನು ಅಂಚಿನ ಒಳಗೆ ನಿಲ್ಲಿಸಿದೆ. ನಡುನಡುವೆ ಅವನಿಗೆ ಕೆಮ್ಮು ಬರುತ್ತಿತ್ತು, ಆಗ ಕೈ ತೆಗೆದು ಕಾಯುತ್ತಿದ್ದೆ.

ಮುಗಿದ ಮೇಲೆ ಕನ್ನಡಿ ಕೊಟ್ಟೆ. ತುಂಬ ಹೊತ್ತು ನೋಡಿದ. "ಹಿಡಿದೈತಲ್ಲ ಭಾವ" ಅಂದ. ಹಬ್ಬದ ಬಟ್ಟೆ ನೋಡಿಕೊಳ್ಳುವವನ ಧ್ವನಿ ಅದು. ಆ ಧ್ವನಿ ಕೇಳಿ ನನಗೆ ತಡೆಯಲಾಗಲಿಲ್ಲ.

"ಅವತ್ತೂ ಹಿಡೀತಿತ್ತು" ಅಂದೆ. "ನಾನಽ ಎಣ್ಣಿ ಹಚ್ಚಲಿಲ್ಲ. ಬೇಕಂತ ಹಂಗ ಮಾಡಿದೆ."

ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಬೈಯುತ್ತಾನೆ ಎಂದುಕೊಂಡೆ. ಎದ್ದು ಹೊಡೆದಿದ್ದರೂ ನಾನು ಕೂತೇ ಇರುತ್ತಿದ್ದೆ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಅವನು ಕನ್ನಡಿಯನ್ನು ಬೋರಲಾಗಿ ಚಾಪೆಯ ಮೇಲಿಟ್ಟು, ಪೆಟ್ಟಿಗೆಯಿಂದ ತಾನೇ ಎಣ್ಣೆ ತೆಗೆದುಕೊಂಡು, ಅಂಗೈಯಲ್ಲಿ ಸುರಿದು, ಮುಖದ ಬಣ್ಣವನ್ನು ನಿಧಾನಕ್ಕೆ ಕರಗಿಸಿದ. ಬಟ್ಟೆಯಿಂದ ಒರೆಸಿಕೊಂಡ. ಅಡಿಯಲ್ಲಿದ್ದ ಮುಖ ಮತ್ತೆ ಬಂತು.

"ಅಕ್ಕಗ ಹೇಳಬ್ಯಾಡ" ಅಂದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಮತ್ತೊಮ್ಮೆ ಅಂದ, "ಆಕಿಗೆ ತಡೀಲಿಕ್ಕಾಗಂಗಿಲ್ಲ."

ಕನ್ನಡಿ ಅವನು ಒಯ್ಯಲಿಲ್ಲ. ಬಾಳೆಕಾಯಿ ತೂಗುವ ಒಂದು ಅಂಗಳದಲ್ಲಿ ಕೆಲಸಕ್ಕೆ ಸೇರಿಕೊಂಡ. ಹಬ್ಬಕ್ಕೆ ಬರುತ್ತಿದ್ದ, ಉಣ್ಣುತ್ತಿದ್ದ, ಭಾವ ಅನ್ನುತ್ತಿದ್ದ. ಮುಂಚಿನ ಹಾಗೆಯೇ ಇದ್ದ, ಅದೇ ನನಗೆ ಕಷ್ಟವಾಗಿತ್ತು. ರಾಣಿಯಿಲ್ಲದ ತಂಡ ಎರಡು ಸುಗ್ಗಿ ಹೇಗೋ ನಡೆದು ಒಡೆಯಿತು.

ನಾನು ಮಾತು ಉಳಿಸಿಕೊಂಡೆ. ಹೆಂಡತಿ ಹಾಸಿಗೆ ಹಿಡಿದ ಕಾಲದಲ್ಲಿ ಒಂದು ದಿನ ತಾನಾಗಿಯೇ ಕೇಳಿದಳು, ಕನ್ನಡಿಯನ್ನು ತಮ್ಮನಿಗೆ ಕೊಟ್ಟೆಯಾ ಎಂದು. ಕೊಟ್ಟೆ, ಅವನು ಒಯ್ಯಲಿಲ್ಲ ಅಂದೆ. ಆಕೆ, "ಎಣ್ಣಿ ಹಚ್ಚಿದ್ಯಾ ಈ ಸಲ?" ಎಂದು ಕೇಳಿದಳು.

ಹಚ್ಚಿದೆ ಅಂದೆ. ಆಕೆ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಆ ಮೇಲೆ ಅದರ ಮಾತು ನಮ್ಮಲ್ಲಿ ಬರಲಿಲ್ಲ. ಆಕೆ ಹೋದಮೇಲೆ ಭಾಮೈದನಿಗೆ, ನಿನ್ನ ಅಕ್ಕನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿದೆ. ತಾನು ಅಷ್ಟು ವರ್ಷ ಅಕ್ಕನನ್ನು ಕಾಪಾಡಿದೆ ಎಂದು ಅವನು ತಿಳಿದಿದ್ದಾನೆ. ಅಕ್ಕ ಗೊತ್ತಿದ್ದೂ ಸುಮ್ಮನಿದ್ದಳು ಎಂದು ಹೇಳಿ ಅದನ್ನೂ ಕಿತ್ತುಕೊಳ್ಳಲೇ? ಅವನು ಕಾಗದ ಓದುವವನಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.